ಮಗನ ಮುಖದ ಮೇಲಿನ ಕೈ

1401ರಲ್ಲಿ ಫ್ಲಾರೆನ್ಸಿನ ಬಟ್ಟೆ ವ್ಯಾಪಾರಿಗಳ ಸಂಘ ಒಂದು ಸ್ಪರ್ಧೆ ಇಟ್ಟಿತು. ಊರಿನ ಬ್ಯಾಪ್ಟಿಸ್ಟ್ರಿಗೆ, ಅಂದರೆ ದೀಕ್ಷಾಸ್ನಾನದ ಮಂದಿರಕ್ಕೆ, ಕಂಚಿನ ಬಾಗಿಲು ಆಗಬೇಕಿತ್ತು. ಕೆಲಸ ಯಾರಿಗೆ ವಹಿಸುವುದೆಂದು ತೀರ್ಮಾನಿಸಲು ಏಳು ಮಂದಿ ಶಿಲ್ಪಿಗಳಿಗೆ ಬೈಬಲ್ಲಿನ ಒಂದೇ ಪ್ರಸಂಗ ಕೊಟ್ಟರು: ದೇವರ ಅಪ್ಪಣೆಯಂತೆ ಅಬ್ರಹಾಮ ಮಗ ಇಸಾಕನ ಮೇಲೆ ಚೂರಿ ಎತ್ತುತ್ತಾನೆ, ಕೊನೇ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ, ಹುಡುಗನ ಬದಲು ಟಗರು ಬಲಿಯಾಗುತ್ತದೆ. ಏಳರಲ್ಲಿ ಈಗ ಉಳಿದಿರುವ ಫಲಕ ಎರಡೇ, ಗಿಬೆರ್ಟಿಯದು ಮತ್ತು ಬ್ರುನೆಲೆಸ್ಕಿಯದು. ಎರಡೂ ಅದೇ ಊರಿನ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿವೆ.

ಗೆದ್ದವನು ಗಿಬೆರ್ಟಿ. ಕಾರಣಗಳೂ ಪುಸ್ತಕಗಳಲ್ಲಿ ಸಿಗುತ್ತವೆ. ಅವನ ಎರಕ ಹೆಚ್ಚುಕಡಿಮೆ ಒಂದೇ ತುಂಡು. ಬ್ರುನೆಲೆಸ್ಕಿಯದು ಬಿಡಿಬಿಡಿಯಾಗಿ ಎರೆದು ಜೋಡಿಸಿದ್ದು. ಸುಮಾರು 7 ಕಿಲೊ ಕಂಚೂ ಉಳಿತಾಯ. ಲೆಕ್ಕ ಗೊತ್ತಿದ್ದ ವ್ಯಾಪಾರಿಗಳಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಗಿಬೆರ್ಟಿಯ ಇಸಾಕ ನೋಡಲು ಎಷ್ಟು ಚೆಂದ! ಬಲಿಪೀಠದ ಮೇಲೆ ಮಂಡಿಯೂರಿದ ಬೆತ್ತಲೆ ಹುಡುಗ, ಹಳೆಯ ರೋಮನ್ ಶಿಲ್ಪದ ಮೈಕಟ್ಟು. ಅಪ್ಪನ ಎಡತೋಳು ಅವನ ಹೆಗಲ ಸುತ್ತ ಇದೆ, ಚೂರಿ ಇನ್ನೂ ದೂರದಲ್ಲಿದೆ. ಚಿತ್ರಕಲಾ ಶಾಲೆಯಲ್ಲಿ ಪಾಠ ಹೇಳುವಾಗ ಆ ಎದೆಯ ಸ್ನಾಯುಗಳನ್ನು ತೋರಿಸಿ ‘ರಿನೈಸಾನ್ಸ್ ಶುರುವಾದದ್ದು ಇಲ್ಲಿ’ ಎನ್ನುವುದು ವಾಡಿಕೆ. ನಾನೂ ಅನ್ನುತ್ತೇನೆ. ಆದರೆ ಓಟು ನನ್ನ ಕೈಯಲ್ಲಿದ್ದಿದ್ದರೆ ಬ್ರುನೆಲೆಸ್ಕಿಗೇ ಹಾಕುತ್ತಿದ್ದೆ.

ಅವನ ಫಲಕದಲ್ಲಿ ಚೆಂದ ಎಂಬುದೇ ಇಲ್ಲ. ಅಪ್ಪನ ಕೈ ಹುಡುಗನ ದವಡೆಯ ಕೆಳಗೆ ಹೊಕ್ಕು ತಲೆಯನ್ನು ಮೇಲಕ್ಕೆ ತಳ್ಳಿದೆ. ಕತ್ತು ತೆರೆದುಕೊಂಡಿದೆ, ಮೈ ತಿರುಚಿಕೊಂಡಿದೆ, ಚೂರಿ ಗಂಟಲ ಹತ್ತಿರವೇ ಬಂದಿದೆ. ದೇವದೂತ ಅಬ್ರಹಾಮನ ತೋಳನ್ನು ಹಿಡಿದಿರುವ ರೀತಿ ನೋಡಿದರೆ ಬರೀ ಮಾತಿನಿಂದ ಕೆಲಸ ಆಗುತ್ತಿರಲಿಲ್ಲ ಅನಿಸುತ್ತದೆ. ಮಗನನ್ನು ಕೊಲ್ಲಲು ಹೊರಟವನೊಬ್ಬನ ದೃಶ್ಯ ಇದು ಎಂದು ಒಪ್ಪಿಕೊಂಡಿರುವ ಫಲಕ ಇದೇ. ಇನ್ನೊಂದು ಫಲಕ ಅದನ್ನು ಒಪ್ಪಿಕೊಳ್ಳದೆ ಗೆದ್ದಿತು.

ಯುರೋಪಿನ ಕಲೆಯಲ್ಲಿ ಬಲಿಯ ಚಿತ್ರಗಳಿಗೆ ಲೆಕ್ಕವಿಲ್ಲ. ನೋಡುತ್ತ ಹೋದಂತೆ ನನಗೆ ಒಂದೇ ತಕರಾರು: ಇವುಗಳಲ್ಲಿ ಬಹುಪಾಲು ಬಲಿ ಕೊಡುವವನ ಸಂಕಟದ ಚಿತ್ರಗಳು. ಬಲಿಯಾಗುವವರು ನೆಪಕ್ಕೆ.

ಈ ಚಾಳಿ ಕ್ರೈಸ್ತರಿಗಿಂತ ಹಳೆಯದು. ಗ್ರೀಕ್ ಚಿತ್ರಕಾರ ಟಿಮಾಂಥೀಸ್ ಇಫಿಜೀನಿಯಾಳ ಬಲಿಯನ್ನು ಬರೆದಿದ್ದ. ಟ್ರಾಯ್ ಮೇಲೆ ದಂಡೆತ್ತಿ ಹೊರಟ ಹಡಗುಗಳಿಗೆ ಗಾಳಿ ಬೇಕೆಂದು ಅಗಮೆಮ್ನಾನ್ ಹೆತ್ತ ಮಗಳನ್ನೇ ಕೊಡುವ ಕಥೆ. ಆ ಚಿತ್ರ ಉಳಿದಿಲ್ಲ, ಅದರ ಹೊಗಳಿಕೆ ಉಳಿದಿದೆ. ಸುತ್ತ ನಿಂತವರ ದುಃಖವನ್ನೆಲ್ಲ ಬರೆದು ಮುಗಿಸಿದ ಮೇಲೆ ಅಪ್ಪನ ದುಃಖಕ್ಕೆ ತಕ್ಕ ಮುಖ ಸಾಧ್ಯವಿಲ್ಲವೆಂದು ಅವನಿಗೆ ಮುಸುಕು ಹಾಕಿದನಂತೆ. ರೋಮಿನ ಪ್ಲಿನಿ ಇದನ್ನು ಮೆಚ್ಚಿ ಬರೆದ, ಸಿಸೆರೊ, ಕ್ವಿಂಟಿಲಿಯನ್ ಕೂಡ ಮೆಚ್ಚಿದರು. ಪಾಂಪೇಯ ಒಂದು ಮನೆಯ ಗೋಡೆಯಲ್ಲಿದ್ದ, ಈಗ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿರುವ ಚಿತ್ರದಲ್ಲೂ ಇಬ್ಬರು ಗಂಡಸರು ಹುಡುಗಿಯನ್ನು ಎತ್ತಿ ಒಯ್ಯುತ್ತಿದ್ದಾರೆ, ಎಡಕ್ಕೆ ಅಪ್ಪ ಮುಸುಕೆಳೆದು ನಿಂತಿದ್ದಾನೆ. ಬುದ್ಧಿವಂತ ಉಪಾಯ, ಒಪ್ಪೋಣ. ಆದರೆ ನಮ್ಮ ಕನಿಕರವೆಲ್ಲ ಆ ಮುಸುಕಿನ ಪಾಲಾಗುತ್ತದೆ. ತೋಳು ಚಾಚಿ ಒದ್ದಾಡುವ ಮಗಳು ಎರಡನೆಯವಳಾಗುತ್ತಾಳೆ. ತೀರ್ಮಾನ ಮಾಡಿದವನು ಅವನೇ ಎಂಬುದೂ ಮರೆತುಹೋಗುತ್ತದೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವನು ಕಾರವಾಜ್ಜೊ. ಉಫಿಜಿ ಮ್ಯೂಸಿಯಮ್ಮಿನಲ್ಲಿರುವ, 1603ರ ಸುಮಾರಿಗೆ ಬರೆದ ಅವನ ಇಸಾಕನ ಚಿತ್ರದಲ್ಲಿ, ಉಣ್ಣೆ ಕತ್ತರಿಸುವವರು ಕುರಿಯನ್ನು ಅದುಮಿ ಹಿಡಿದ ಹಾಗೆ ಮಗನ ತಲೆಯನ್ನು ಅಪ್ಪ ಕಲ್ಲಿಗೆ ಅದುಮಿದ್ದಾನೆ. ಹುಡುಗ ಬಾಯಿ ತೆರೆದು ಕಿರುಚುತ್ತಿದ್ದಾನೆ, ಕಣ್ಣು ನಮ್ಮ ಕಡೆಗೇ ಇದೆ. ಅಲ್ಲಿ ಕುಲಪಿತನೂ ಇಲ್ಲ, ವಿಧೇಯತೆಯೂ ಇಲ್ಲ, ಬಚಾವು ಮಾಡಿ ಎನ್ನುವ ಬಾಯಿ ಇದೆ. ಇದನ್ನು ಬರೆಸಿದವನು ಮಾಫೆಯೊ ಬಾರ್ಬೆರಿನಿ, ಮುಂದೆ ಎಂಟನೇ ಅರ್ಬನ್ ಎಂದು ಪೋಪ್ ಆದವನು. ಭಕ್ತಿಗೆಂದು ಹಣ ಕೊಟ್ಟವನಿಗೆ ಆ ಕಿರುಚಾಟ ಹೇಗೆ ಒಗ್ಗಿತೋ!

ರೆಂಬ್ರಾಂಟ್ ಮತ್ತೆ ಮುಚ್ಚಿದ. 1635ರ ದೊಡ್ಡ ಚಿತ್ರ ರಷ್ಯಾದ ಹರ್ಮಿಟೇಜಿನಲ್ಲಿದೆ; ಅವನ ಕಾರ್ಯಾಗಾರದಲ್ಲಿ ಮಾರನೇ ವರ್ಷ ತಯಾರಾದ, ಕೆಲವು ಬದಲಾವಣೆಗಳಿರುವ ಇನ್ನೊಂದು ಮ್ಯೂನಿಕ್ಕಿನಲ್ಲಿದೆ. ಮಗಳ ಸಂಸಾರ ಆ ಊರಿನಲ್ಲಿರುವುದರಿಂದ ನಾನು ಹತ್ತಿರದಿಂದ ನೋಡಿದ್ದು ಈ ಎರಡನೆಯದನ್ನು. ಅಬ್ರಹಾಮನ ಅಂಗೈ ಹುಡುಗನ ಮುಖವನ್ನು ಇಡಿಯಾಗಿ ಆವರಿಸಿದೆ. ಬಾಯಿಲ್ಲ, ಮೂಗಿಲ್ಲ, ಕಣ್ಣಿಲ್ಲ. ಬೆಳಕೆಲ್ಲ ಬರಿಗತ್ತಿನ ಮೇಲೆ. ಚೂರಿ ಕೈಜಾರಿ ಗಾಳಿಯಲ್ಲಿದೆ. ಚೂರಿಗಿಂತ ನನಗೆ ಭಯವಾದದ್ದು ಆ ಅಂಗೈ. ಮಗನಿಗೆ ಕಾಣದಿರಲಿ ಎಂಬ ಕರುಣೆ ಎನ್ನುವವರಿದ್ದಾರೆ. ನನಗೇನೋ ಅಪ್ಪನಿಗೇ ಮಗನ ಮುಖ ಕಾಣಬಾರದಿತ್ತು ಅನಿಸುತ್ತದೆ.

ಇಪ್ಪತ್ತು ವರ್ಷದ ಬಳಿಕ, 1655ರಲ್ಲಿ, ಅವನೇ ಮಾಡಿದ ಎಚ್ಚಿಂಗ್ ಬೇರೆಯೇ ಜಾತಿಯದು. ಹುಡುಗ ಅಪ್ಪನ ಮಡಿಲಿಗೆ ಒರಗಿದ್ದಾನೆ, ಕೈ ಅವನ ಕಣ್ಣನ್ನಷ್ಟೇ ಮುಚ್ಚಿದೆ, ದೇವದೂತ ಹಿಂದಿನಿಂದ ಮುದುಕನನ್ನು ತಬ್ಬಿದಂತೆ ತಡೆದಿದ್ದಾನೆ. ನಡುವಿನ ವರ್ಷಗಳಲ್ಲಿ ರೆಂಬ್ರಾಂಟ್ ಮೂರು ಎಳೆಗೂಸುಗಳನ್ನೂ ಹೆಂಡತಿಯನ್ನೂ ಮಣ್ಣು ಮಾಡಿದ್ದ. ಕಾರಣ ಅದೇ ಎಂದು ಸಾಧಿಸಲಾಗದು, ಅದನ್ನು ಮರೆತು ನೋಡಲೂ ಆಗದು.

ಇಷ್ಟೆಲ್ಲದರಲ್ಲಿ ಅಮ್ಮ ಎಲ್ಲಿ? ಕತ್ತೆ ಇದೆ, ಆಳುಗಳಿದ್ದಾರೆ, ಟಗರಿದೆ. ಸಾರಳಿಗೆ ಬೈಬಲ್ಲಿನ ಆ ಅಧ್ಯಾಯದಲ್ಲೇ ಜಾಗವಿಲ್ಲ. ಮುಂದಿನ ಅಧ್ಯಾಯ ಶುರುವಾಗುವುದೇ ಅವಳ ಸಾವಿನಿಂದ.

ಅಮ್ಮನನ್ನು ಚಿತ್ರದ ನಡುವಿಗೆ ತಂದು, ತಪ್ಪಿತಸ್ಥಳ ಜಾಗದಲ್ಲೂ ನಿಲ್ಲಿಸಿದವಳು ಜರ್ಮನಿಯ ಕೇಥೆ ಕೋಲ್ವಿಟ್ಸ್. 1914ರಲ್ಲಿ ಅವಳ ಕಿರಿಮಗ ಪೀಟರ್ ಯುದ್ಧಕ್ಕೆ ಹೋಗುತ್ತೇನೆಂದು ಹಟ ಹಿಡಿದ. ವಯಸ್ಸು ಹದಿನೆಂಟು, ಅಪ್ಪನ ಒಪ್ಪಿಗೆ ಬೇಕಿತ್ತು. ಡಾಕ್ಟರಾಗಿದ್ದ ಅಪ್ಪ ಕಾರ್ಲ್ ಒಲ್ಲೆನೆಂದ. ಗಂಡನನ್ನು ಒಪ್ಪಿಸಿದವಳು ಕೇಥೆ. ಅಕ್ಟೋಬರಿನಲ್ಲಿ ಹುಡುಗ ಬೆಲ್ಜಿಯಮ್ಮಿನಲ್ಲಿ ಸತ್ತ.

ಯುದ್ಧ ಮುಗಿದ ಮೇಲೆ ಅವಳು ಮರದಚ್ಚಿನಲ್ಲಿ ‘ಯುದ್ಧ’ ಎಂಬ ಏಳು ಚಿತ್ರಗಳ ಮಾಲೆ ಮಾಡಿದಳು. ಮೊದಲನೆಯದರ ಹೆಸರು ‘ಬಲಿ’. ಕಪ್ಪು ನಿಲುವಂಗಿಯಿಂದ ಹೊರಬಂದ ಬೆತ್ತಲೆ ತಾಯಿ ಕಣ್ಣು ಮುಚ್ಚಿ, ಎಳೆಗೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ. ಚೂರಿ ಇಲ್ಲ, ದೇವದೂತನೂ ಇಲ್ಲ. ಮರವನ್ನು ಒರಟಾಗಿ ಕೆತ್ತಿದ ಬಿಳಿ ಗೀರುಗಳು ಅವಳ ಮೈಮೇಲೆ ಹಾಗೇ ಉಳಿದಿವೆ. ಕೊಡುತ್ತಿದ್ದಾಳೋ, ಕಿತ್ತುಕೊಳ್ಳುವವರಿಂದ ಉಳಿಸಲು ಎತ್ತಿದ್ದಾಳೋ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೆಸರು ನೋಡಿದರೆ ಕೊಡುತ್ತಿದ್ದಾಳೆ. ಇಲ್ಲಿ ಅಬ್ರಹಾಮ ಅವಳೇ. ಸೈನಿಕನ ಮನೆ ಮುಂದೆ ಮೈಕು ಹಿಡಿದು ತಾಯಿಗೆ ‘ಹೆಮ್ಮೆ ಅನಿಸುತ್ತಿದೆಯಾ’ ಎಂದು ಕೇಳುವ ನಮ್ಮ ಟಿವಿಯವರು ಈ ಚಿತ್ರವನ್ನೊಮ್ಮೆ ನೋಡಬೇಕು.

ಮಗನಿಗೆಂದು ಅವಳು ಯೋಚಿಸಿದ ಸ್ಮಾರಕದ ಮೊದಲ ಕಲ್ಪನೆಯಲ್ಲಿ ಪೀಟರ್ ಮಲಗಿದ್ದ, ತಂದೆತಾಯಿ ತಲೆ ಮತ್ತು ಕಾಲಿನ ಕಡೆ ಇದ್ದರು. 1932ರಲ್ಲಿ ಕೊನೆಗೂ ನಿಂತಾಗ ಮಗ ಅದರಲ್ಲಿಲ್ಲ. ಬೆಲ್ಜಿಯಮ್ಮಿನ ವ್ಲಾಡ್ಸ್ಲೊ ಸ್ಮಶಾನದಲ್ಲಿ ಈಗ ಬೇರೆ ಬೇರೆ ಪೀಠಗಳ ಮೇಲೆ ಇಬ್ಬರು ಮಂಡಿಯೂರಿದ್ದಾರೆ: ತೋಳು ಕಟ್ಟಿ ಬಿಗಿಯಾದ ಅಪ್ಪ, ಬಾಗಿಹೋದ ಅಮ್ಮ. ಯಾರಿಗೂ ಮುಸುಕಿಲ್ಲ. ಅಮ್ಮನ ಮುಖ ಕೇಥೆಯದೇ.

ಎರಡನೇ ಮಹಾಯುದ್ಧದ ನಡುವೆ ಅವಳು ಕೊನೆಯದಾಗಿ ಮಾಡಿದ ಲಿಥೊಗ್ರಾಫಿನ ಹೆಸರು ‘ಬಿತ್ತನೆ ಕಾಳನ್ನು ಬೀಸಬಾರದು’. ಬಲವಾದ ತೋಳುಗಳ ಮುದುಕಿಯೊಬ್ಬಳು ಮೂವರು ಹುಡುಗರನ್ನು ಮೇಲಂಗಿಯೊಳಗೆ ಅವುಚಿಕೊಂಡಿದ್ದಾಳೆ. ಈ ಸಲ ಕೊಡುವ ಮಾತೇ ಇಲ್ಲ. 1942ರಲ್ಲಿ ಅವಳ ಮೊಮ್ಮಗ ರಷ್ಯಾದಲ್ಲಿ ಸತ್ತ. ಅವನ ಹೆಸರೂ ಪೀಟರ್.

ಈ ಲಿಥೊಗ್ರಾಫನ್ನು ನಾನು ಇಸಾಕನ ಪಾಠದ ಕೊನೆಗೆ ಇಡುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಒಪ್ಪಿಗೆಯಿಲ್ಲ. ಅದು ಯುದ್ಧ ಬೇಡವೆನ್ನುವ ಚಿತ್ರ, ಬಲಿಯ ಪಾಠಕ್ಕೆ ಯಾಕೆ ಎನ್ನುತ್ತಾರೆ. ನನ್ನ ವಾದ ಇಷ್ಟೇ: ಮುದುಕಿಯನ್ನು ಬಿಟ್ಟು ಹುಡುಗರನ್ನು ನೋಡಿ. ಒಬ್ಬೊಬ್ಬರಿಗೂ ಬೇರೆಯದೇ ಮುಖವಿದೆ. ಒಬ್ಬನಂತೂ ಅವಳ ತೋಳಡಿಯಿಂದ ಇಣುಕುತ್ತ, ಯಾವಾಗ ತಪ್ಪಿಸಿಕೊಂಡು ಓಡಲಿ ಎಂದು ಹೊಂಚುತ್ತಿದ್ದಾನೆ.