ಕಂಡದ್ದನ್ನೆಲ್ಲ ಸಾರುವುದು ಧರ್ಮವೆ?

ಓಡಿಹೋದ ಜಿಂಕೆ ಯಾವ ದಿಕ್ಕಿಗೆ ಹೋಯಿತೆಂದು ಬೇಟೆಗಾರನು ಕೇಳಿದರೆ, ಕಂಡವನು ಏನು ಹೇಳಬೇಕು? ಧರ್ಮೋಪದೇಶಗಳಲ್ಲಿ ಈ ಪ್ರಶ್ನೆ ಎಷ್ಟೋ ಸಲ ಬಂದುಹೋಗಿದೆ. ಅದರ ಉತ್ತರ ಶ್ರಾವಕರ ಮನೆಯ ಮಕ್ಕಳಿಗೂ ತಿಳಿದಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸತ್ಯಾಣುವ್ರತದ ಲಕ್ಷಣವನ್ನು ಹೇಳುವಾಗ ಸ್ಥೂಲವಾದ ಸುಳ್ಳನ್ನು ನಿಷೇಧಿಸುವುದರ ಜೊತೆಗೆ ವಿಪತ್ತು ತರುವ ಸತ್ಯವನ್ನೂ ನಿಷೇಧಿಸಿದೆ. ಕಂಡದ್ದನ್ನು ಕಂಡಂತೆ ಹೇಳಿದೆನೆಂಬ ಸಮಾಧಾನ ಅಲ್ಲಿ ಸಲ್ಲುವುದಿಲ್ಲ. ಹೇಳಿದ ಮಾತಿನಿಂದ ಯಾವ ಜೀವಕ್ಕೆ ಏನಾಯಿತೆಂಬುದೇ ಅಲ್ಲಿಯ ಲೆಕ್ಕ.

ಇಂದು ಬೇಟೆಗಾರನು ಬಂದು ಕೇಳುವ ಅಗತ್ಯವೇ ಉಳಿದಿಲ್ಲ. ಗೂಬೆ ಹಗಲಿನಲ್ಲಿ ಕುಳಿತುಕೊಳ್ಳುವ ಪೊಟರೆ, ನಕ್ಷತ್ರ ಆಮೆ ಮೇಯುವ ಕುರುಚಲು, ಕಾಡುಪಾಪ ಓಡಾಡುವ ತೋಪು, ಹಕ್ಕಿ ಮೊಟ್ಟೆಯಿಟ್ಟ ಪೊದೆ ಇವೆಲ್ಲವೂ ಊರು, ದಿನ, ಹೊತ್ತು, ಚಿತ್ರಗಳೊಡನೆ ಕೇಳುವ ಮೊದಲೇ ಜಗತ್ತಿಗೆ ಸಾರಲ್ಪಡುತ್ತಿವೆ. ಸಾರುತ್ತಿರುವವರು ಕ್ರೂರಿಗಳಲ್ಲ. ಅವರಲ್ಲಿ ಬಹುಪಾಲು ಮಂದಿ ಪ್ರಾಣಿಪಕ್ಷಿಗಳ ಮೇಲೆ ನಿಜವಾದ ಪ್ರೀತಿಯುಳ್ಳ ಹವ್ಯಾಸಿ ನಿಸರ್ಗವೀಕ್ಷಕರು. ಜೈನ ಮನೆತನಗಳ ತರುಣ ತರುಣಿಯರೂ ಅವರ ನಡುವೆ ಇರಬಹುದು. ಪ್ರೀತಿಯಿಂದ ಮಾಡಿದ ಕೆಲಸವೆಂಬ ಒಂದೇ ಕಾರಣಕ್ಕೆ ಅದನ್ನು ಪರೀಕ್ಷಿಸದೆ ಬಿಡುವುದು ವಿವೇಕವೆನಿಸದು.

ಮೊದಲು ಈ ಹವ್ಯಾಸದ ಹಿರಿಮೆಯನ್ನು ಒಪ್ಪಿಕೊಳ್ಳಬೇಕು. ಹಾಲೆಂಡಿನ ಡೆಲ್ಫ್ಟ್ ನಗರದ ಆಂಟನಿ ವಾನ್ ಲೇವನ್‌ಹುಕ್ ಬಟ್ಟೆಯ ವ್ಯಾಪಾರಿ, ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ ಅವನು 1674ರಲ್ಲಿ ಸಮೀಪದ ಸರೋವರವೊಂದರ ನೀರನ್ನು ನೋಡಿದಾಗ, ಬರಿಗಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಓಡಾಡುತ್ತಿರುವುದು ಕಂಡಿತು. ಕಂಡುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದನು. ವಿದ್ವಾಂಸರು ಸಂಶಯಪಟ್ಟಾಗ ಗಣ್ಯರಿಗೆ ತೋರಿಸಿ ಅವರ ಸಾಕ್ಷ್ಯಪತ್ರಗಳನ್ನು ಕಳುಹಿಸಿದನು. 1677ರಲ್ಲಿ ರಾಬರ್ಟ್ ಹುಕ್ ಸೊಸೈಟಿಯ ಸದಸ್ಯರ ಎದುರಿನಲ್ಲಿಯೇ ಆ ಜೀವಿಗಳನ್ನು ತೋರಿಸಿಕೊಟ್ಟ ಮೇಲೆ ಆ ಸಂಶಯ ಅಳಿಯಿತು. ಒಬ್ಬನ ನೋಟ ಹಲವರ ಪರೀಕ್ಷೆಗೆ ಒಳಗಾದಾಗಲೇ ಜ್ಞಾನವಾಗುತ್ತದೆ. ಹಂಚಿಕೊಳ್ಳುವುದರ ಬೆಲೆ ಅಲ್ಲಿದೆ.

ಹಂಚಿಕೊಳ್ಳುವಿಕೆಯು ಹಿಂಸೆಯ ಸ್ಥಾನವನ್ನೇ ಆಕ್ರಮಿಸಿದ ಉದಾಹರಣೆಯೂ ಉಂಟು. ಅಮೆರಿಕದಲ್ಲಿ ಕ್ರಿಸ್ಮಸ್ ದಿನ ಜನ ಗುಂಪು ಕಟ್ಟಿಕೊಂಡು ಹೋಗಿ, ಹೆಚ್ಚು ಹಕ್ಕಿ ಪ್ರಾಣಿಗಳನ್ನು ಕೊಂದ ಗುಂಪು ಗೆದ್ದಿತೆಂದು ಸಾರುವ ಪಂದ್ಯದ ಬೇಟೆಯ ರೂಢಿಯಿತ್ತು. 1900ರಲ್ಲಿ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಅಂದು ಹಕ್ಕಿಗಳನ್ನು ಕೊಲ್ಲುವುದಕ್ಕೆ ಬದಲಾಗಿ ಎಣಿಸಬೇಕೆಂದು ಸೂಚಿಸಿದರು. ಮೊದಲ ವರ್ಷ 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಆ ಎಣಿಕೆ ಇಂದಿಗೂ ನಡೆದುಬಂದಿದೆ. ಭಾರತದಲ್ಲಿ 1960ರಲ್ಲಿ ಜಾಫರ್ ಫತೇಹಳ್ಳಿಯವರು ಪಕ್ಷಿವೀಕ್ಷಕರಿಗಾಗಿ ವಾರ್ತಾಪತ್ರವೊಂದನ್ನು ಆರಂಭಿಸಿದರು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿತ್ತು. ಅದು 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳ ರಕ್ಷಣೆಗೆ ಅತಿ ಹೆಚ್ಚಿನ ಆದ್ಯತೆ ಬೇಕೆಂದು ಗುರುತಿಸಿತು. ಸಂಬಳಕ್ಕೆ ದುಡಿಯುವವರಿಂದ ಮಾತ್ರ ಇಷ್ಟು ದೊಡ್ಡ ಕೆಲಸ ಆಗುತ್ತಿರಲಿಲ್ಲ. ಆದುದರಿಂದ ನಿಸರ್ಗವೀಕ್ಷಣೆಯನ್ನು ಕೆಲಸವಿಲ್ಲದವರ ಕಾಲಹರಣವೆಂದು ಜರೆಯುವ ಹಿರಿಯರ ಮಾತಿನಲ್ಲಿ ಹುರುಳಿಲ್ಲ.

ಆದರೆ ಬಂದೂಕನ್ನು ಕೆಳಗಿಟ್ಟವರಲ್ಲಿ ಕೆಲವರು ಪಂದ್ಯವನ್ನು ಮಾತ್ರ ಕೆಳಗಿಡಲಿಲ್ಲ. ವರ್ಷಕ್ಕೆ ಎಷ್ಟು ಪ್ರಭೇದ ಕಂಡೆ, ಯಾರೂ ಕಾಣದ್ದನ್ನು ಮೊದಲು ಕಂಡವರು ಯಾರು, ಯಾರ ಚಿತ್ರದಲ್ಲಿ ಕಣ್ಣಿನ ಹೊಳಪು ಹೆಚ್ಚು ಎಂಬ ಸ್ಪರ್ಧೆ ಬೆಳೆದಿದೆ. ಈ ಸ್ಪರ್ಧೆಯ ಬೆನ್ನುಹತ್ತಿದವರು ಹಕ್ಕಿಯ ಕೂಗನ್ನು ಯಂತ್ರದಿಂದ ಮತ್ತೆ ಮತ್ತೆ ನುಡಿಸುತ್ತಾರೆ. ಎದುರಾಳಿ ಬಂತೆಂದು ಭ್ರಮಿಸಿದ ಹಕ್ಕಿ ಮೇವನ್ನೂ ಮರಿಯನ್ನೂ ಬಿಟ್ಟು ಹೊರಬರುತ್ತದೆ. ಗೂಡು ಚೆನ್ನಾಗಿ ಕಾಣಲೆಂದು ಅದನ್ನು ಮರೆಮಾಡಿದ್ದ ಎಲೆಗಳನ್ನು ಕತ್ತರಿಸುತ್ತಾರೆ. ಅಲ್ಲಿಂದ ಮುಂದೆ ಬಿಸಿಲಿಗೂ ಕಾಗೆಗೂ ಆ ಗೂಡು ತೆರೆದ ಮನೆ. ಕಪ್ಪೆ, ಹಾವುಗಳನ್ನು ಹಿಡಿದು ಅಂದವಾದ ಎಲೆಯ ಮೇಲಿಟ್ಟು ಚಿತ್ರ ತೆಗೆಯುತ್ತಾರೆ.

ಕೈಯಲ್ಲಿ ಆಯುಧವಿಲ್ಲದ ಮೇಲೆ ಹಿಂಸೆ ಎಲ್ಲಿಂದ ಬಂತು ಎಂಬುದು ಇವರ ಮೊದಲ ವಾದ. ಈ ವಾದವನ್ನು ದೇಶದ ಕಾನೂನೇ ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗಳಿಗೆ, ಗೂಡುಗಳಿಗೆ ತೊಂದರೆ ಮಾಡುವುದೂ ಸೇರಿದೆ. ಜೈನಶಾಸ್ತ್ರದ ದೃಷ್ಟಿ ಇನ್ನೂ ಆಳವಾದುದು. ಪ್ರಮಾದದಿಂದ ಕೂಡಿದ ಪ್ರವೃತ್ತಿಯೇ ಹಿಂಸೆಯ ಮೂಲವೆಂದು ಅದು ಗುರುತಿಸುತ್ತದೆ. ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಮಾತು ಎಚ್ಚರಗೇಡಿತನಕ್ಕೆ ಉತ್ತರವಾಗಲಾರದು.

ನಿಖರವಾದ ಸ್ಥಳ ತಿಳಿಯದೆ ವಿಜ್ಞಾನ ಬೆಳೆಯದು ಎಂಬುದು ಎರಡನೆಯ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧಕ್ಕೆ ಕೆಲವು ಜೀವಿಗಳು ಪ್ರಾಣ ತೆತ್ತಿವೆ. ಇಂಡೋನೇಷ್ಯಾದ ರೋಟಿ ದ್ವೀಪದ ಹಾವುಕತ್ತಿನ ಆಮೆಯನ್ನು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು 1994ರಲ್ಲಿ ವಿವರಿಸಿದರು. ಅದರ ಬೆನ್ನಿಗೇ ಸಾಕುಪ್ರಾಣಿ ವ್ಯಾಪಾರಿಗಳು ಅದಕ್ಕಾಗಿ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಆ ಆಮೆ ತನ್ನ ದ್ವೀಪದಲ್ಲಿ ಅಳಿವಿನ ಅಂಚಿಗೆ ಬಂದಿತು. ದಕ್ಷಿಣ ಚೀನಾದ ಹಲ್ಲಿಯೊಂದನ್ನು 1999ರಲ್ಲಿ ವಿವರಿಸಿದ ಮೇಲೆ, ಅದು ಮೊದಲು ದೊರೆತ ತಾಣದಿಂದಲೇ ಹಿಡಿಯುವವರ ಕೈಗೆ ಸಿಕ್ಕು ಇಲ್ಲವಾಯಿತು. ಪರಿಶೋಧನೆಯ ಗ್ರಂಥದಲ್ಲಿ ಅಚ್ಚಾದ ಸ್ಥಳನಾಮವೇ ಇಷ್ಟು ಅನರ್ಥ ಮಾಡಿರುವಾಗ, ಎಲ್ಲರ ಕೈಯ ಮೊಬೈಲಿಗೂ ತಲುಪುವ ಸ್ಥಳನಾಮ ಏನು ಮಾಡೀತೆಂಬುದನ್ನು ಊಹಿಸಬಹುದು.

ಇಂಥ ವ್ಯಾಪಾರ ದೂರದ ದ್ವೀಪಗಳಿಗೆ ಸೀಮಿತವಾದುದಲ್ಲ. ಕರ್ನಾಟಕದ ಬಯಲುಸೀಮೆಯ ನಕ್ಷತ್ರ ಆಮೆಗೆ ವಿದೇಶದ ಕಳ್ಳಪೇಟೆಯಲ್ಲಿ ಬೇಡಿಕೆಯಿದೆ. ‘ಎರಡು ತಲೆಯ ಹಾವು’ ಎಂದು ಕರೆಯಲ್ಪಡುವ ಮಣ್ಣುಮುಕ್ಕ ಹಾವನ್ನು ಭಾಗ್ಯ ತರುತ್ತದೆಂಬ ಮೂಢನಂಬಿಕೆಯಿಂದ ಹಿಡಿದು ಮಾರುತ್ತಾರೆ. ಗೂಬೆ, ಕಾಡುಪಾಪಗಳು ಮಾಟಮಂತ್ರದ ಹೆಸರಿನಲ್ಲಿ ಸಾಯುತ್ತವೆ. ಚಿಪ್ಪುಹಂದಿಯ ಚಿಪ್ಪು ದೇಶದ ಗಡಿ ದಾಟುತ್ತದೆ. ಇವುಗಳಲ್ಲಿ ಯಾವುದರದೇ ನೆಲೆಯನ್ನು ಸಾರುವವನು ಬೇಟೆಗಾರನ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟಂತಾಗುತ್ತದೆ. ಊರಿನ ಹೆಸರು ಬರೆಯದಿದ್ದರೆ ಸಾಕೆಂದೂ ತಿಳಿಯಬಾರದು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಚಿತ್ರದ ಹಿನ್ನೆಲೆಯ ಬಂಡೆಯೊಂದೇ ಬಲ್ಲವರಿಗೆ ಊರನ್ನು ತಿಳಿಸಬಹುದು.

ಹಾಗಾದರೆ ದಾಖಲೆಯೇ ಬೇಡವೆ? ಬೇಕು. ದಾಖಲಿಸುವುದು ಬೇರೆ, ಸಾರುವುದು ಬೇರೆ. ಈ ಭೇದವನ್ನು ವೀಕ್ಷಕರ ದಾಖಲೆಗಳನ್ನು ಸಂಗ್ರಹಿಸುವ ಸಂಸ್ಥೆಗಳು ಅರಿತುಕೊಂಡಿವೆ. 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಅಳಿವಿನ ಭೀತಿಯಲ್ಲಿರುವ ಪ್ರಭೇದಗಳ ನಿಖರ ನೆಲೆಯನ್ನು ಸಾರ್ವಜನಿಕರಿಂದ ಮರೆಮಾಡಿ, ಒಂದು ವಿಸ್ತಾರವಾದ ಪ್ರದೇಶವನ್ನಷ್ಟೇ ತೋರಿಸುತ್ತದೆ. 2002ರಲ್ಲಿ ಆರಂಭವಾದ ಈಬರ್ಡ್ ಕೂಡ ಅಪಾಯಕ್ಕೆ ಗುರಿಯಾಗಬಲ್ಲ ಹಕ್ಕಿಗಳ ತಾಣವನ್ನು ಮುಚ್ಚಿಡುತ್ತದೆ. ಸಂಶೋಧಕನಿಗೆ ಬೇಕಾದುದು ಇಂಥ ಭಂಡಾರದಲ್ಲಿ ಭದ್ರವಾಗಿರುತ್ತದೆ. ಆದರೆ ಅಲ್ಲಿ ಮುಚ್ಚಿಟ್ಟುದನ್ನು ವೀಕ್ಷಕನೇ ಗೆಳೆಯರ ಗುಂಪಿನಲ್ಲಿ ಬಿಚ್ಚಿಟ್ಟರೆ ಆ ಕಾವಲು ವ್ಯರ್ಥ. ಸಾಧುಗಳಿಗೆ ಹೇಳಿದ ಭಾಷಾಸಮಿತಿಯನ್ನು ಗೃಹಸ್ಥನು ಪೂರ್ಣವಾಗಿ ಪಾಲಿಸಲಾರನೆಂಬುದು ನಿಜ. ಇಷ್ಟರ ಮಟ್ಟಿಗಾದರೂ ಪಾಲಿಸುವುದು ಯಾರಿಗೂ ಕಷ್ಟವಾಗಲಾರದು.

ದೊಡ್ಡ ಪ್ರಾಣಿಗಳ ವಿಷಯದಲ್ಲಿ ತೋರುವ ಎಚ್ಚರ ಕೊಳದ ಹನಿಯ ವಿಷಯದಲ್ಲಿ ಇನ್ನೂ ಕಡಿಮೆ. ಕಾಗದದಿಂದ ಮಡಿಚಿ ಮಾಡುವ ಅಗ್ಗದ ಸೂಕ್ಷ್ಮದರ್ಶಕ 2014ರಿಂದ ಬಳಕೆಗೆ ಬಂದಿದ್ದು, ಕೊಳದ ಜಗತ್ತು ಶಾಲಾ ಮಕ್ಕಳಿಗೂ ತೆರೆದುಕೊಂಡಿದೆ. ಚಪ್ಪಲಿಯಾಕಾರದ ಪ್ಯಾರಮೀಸಿಯಂ, ತಲೆಯಲ್ಲಿ ಚಕ್ರ ತಿರುಗಿದಂತೆ ಕಾಣುವ ರೋಟಿಫರ್, ಒಂಟಿಕಣ್ಣಿನ ಸೈಕ್ಲಾಪ್ಸ್ ಇವುಗಳನ್ನು ಕಂಡ ಮಗುವಿನ ಮನಸ್ಸಿನಲ್ಲಿ ನೀರಿನ ಬಗೆಗಿನ ಗೌರವ ಹೆಚ್ಚುವುದು ಖಂಡಿತ. ಆದರೆ ನೋಡಿ ಮುಗಿದ ಮೇಲೆ ಆ ಹನಿ ಏನಾಗುತ್ತದೆ? ದೀಪದ ಬಿಸಿಗೆ ಗಾಜಿನ ಪಟ್ಟಿಯ ಮೇಲೆಯೇ ಒಣಗುತ್ತದೆ, ಇಲ್ಲವೆ ಬಚ್ಚಲಿಗೆ ಸೇರುತ್ತದೆ. ಚಿತ್ರ ಮಾತ್ರ ನೂರು ಜನರ ಮೆಚ್ಚುಗೆ ಪಡೆಯುತ್ತದೆ.

ಇಲ್ಲಿ ಶ್ರಾವಕರ ಅಡಿಗೆಮನೆಗೆ ಹೇಳಿಕೊಡಲು ಒಂದು ಪಾಠವಿದೆ. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ಮರಳಿಸಬೇಕೆಂಬುದು ಹಳೆಯ ನಿಯಮ. ಸೋಸುವ ಬಟ್ಟೆಯ ಪ್ರಯೋಜನವನ್ನು ಆಧುನಿಕ ವೈದ್ಯವೂ ಕಂಡಿದೆ: ನಾರುಹುಣ್ಣಿನ ಹುಳುವನ್ನು ಹೊತ್ತ ಸೈಕ್ಲಾಪ್ಸನ್ನು ಬಟ್ಟೆ ತಡೆಯುತ್ತದೆ, ಭಾರತವು ಆ ರೋಗದಿಂದ ಮುಕ್ತವೆಂದು 2000ರಲ್ಲಿ ಘೋಷಿತವಾಗಲು ಈ ಸೋಸುವಿಕೆಯೂ ಒಂದು ಸಾಧನವಾಯಿತು. ಆದರೆ ಸೋಸುವುದು ಅರ್ಧ ಕೆಲಸ. ಮರಳಿಸುವುದು ಉಳಿದ ಅರ್ಧ. ‘ಅದೇ ಬಾವಿಗೆ’ ಎಂಬ ಮಾತಿಗೂ ತೂಕವಿದೆ. ಒಂದು ಕೆರೆಯ ನೀರನ್ನು ಮತ್ತೊಂದಕ್ಕೆ ಸುರಿದರೆ ಅನ್ಯ ಕಳೆಗಳೂ ರೋಗಗಳೂ ಜೊತೆಗೆ ಹೋಗುತ್ತವೆ. ಲೋಕದ ಅನೇಕ ಕಡೆ ಕಪ್ಪೆಗಳ ಸಂತತಿಯನ್ನೇ ಕುಗ್ಗಿಸಿದ ಕೈಟ್ರಿಡ್ ಶಿಲೀಂಧ್ರವು ನೀರಿನ ಮೂಲಕವೂ ಒದ್ದೆಯಾದ ಸಲಕರಣೆಗಳ ಮೂಲಕವೂ ಹರಡಬಲ್ಲುದು. ಹನಿಯನ್ನು ತಂದವನು ಬೇಗನೆ ನೋಡಿ, ಅದು ಒಣಗುವ ಮೊದಲೇ ತಂದ ಕೊಳಕ್ಕೇ ಸೇರಿಸಿದರೆ ಜ್ಞಾನವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಸ್ವತಃ ಗೂಡು ಮುಟ್ಟದವರಿಗೂ, ಕೊಳಕ್ಕೆ ಇಳಿಯದವರಿಗೂ ಈ ವಿಷಯದಲ್ಲಿ ಹೊಣೆಯಿದೆ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಎಲೆ ಕತ್ತರಿಸಿ ಚಿತ್ರ ತೆಗೆದವನದು ಕೃತ. ಹಣ ಕೊಟ್ಟು ಗೂಡಿನ ಬಳಿಗೆ ಕರೆದೊಯ್ಯಿಸಿಕೊಂಡವನದು ಕಾರಿತ. ಮನೆಯಲ್ಲಿ ಕುಳಿತು ಆ ಚಿತ್ರವನ್ನು ಹೊಗಳಿ ಹತ್ತು ಮಂದಿಗೆ ಕಳುಹಿಸಿದವನದು ಅನುಮೋದಿತ. ಮೂರನೆಯವರ ಚಪ್ಪಾಳೆ ಇಲ್ಲದಿದ್ದರೆ ಮೊದಲನೆಯವನು ಕತ್ತರಿ ಹಿಡಿಯುತ್ತಿರಲಿಲ್ಲ. ಚಿತ್ರವನ್ನು ಮೆಚ್ಚುವ ಮೊದಲು ಅದನ್ನು ಹೇಗೆ ತೆಗೆಯಲಾಯಿತೆಂದು ಕೇಳುವ ಅಭ್ಯಾಸವನ್ನು ಶ್ರಾವಕ ಕುಟುಂಬಗಳು ಮಕ್ಕಳಲ್ಲಿ ಬೆಳೆಸಬೇಕು.

ಇನ್ನು ಬಸದಿಗಳ ವಿಶ್ವಸ್ತರಿಗೂ ಮೊಕ್ತೇಸರರಿಗೂ ಒಂದು ಮಾತು ಸಲ್ಲಬೇಕು. ಸೂಕ್ಷ್ಮದರ್ಶಕಕ್ಕಿಂತ ಮೊದಲೇ ನೀರಿನಲ್ಲಿ ಜೀವವಿದೆಯೆಂದು ಆಚಾರ್ಯರು ಹೇಳಿದ್ದರೆಂದು ಸಭೆಗಳಲ್ಲಿ ಹೆಮ್ಮೆಪಡುವುದು ಸುಲಭ. ಹಾಗೆ ಹೆಮ್ಮೆಪಡುವ ಆಡಳಿತವೇ ಪುಷ್ಕರಣಿಯ ತಳಕ್ಕೆ ಕಾಂಕ್ರೀಟು ಸುರಿಸಿ, ಪಾಚಿ ಹೋಗಲೆಂದು ಬ್ಲೀಚಿಂಗ್ ಪುಡಿ ಎರಚಿಸಿದರೆ, ಆ ಹೆಮ್ಮೆಗೆ ಅರ್ಥವೇನು? ಶ್ರವಣಬೆಳಗೊಳಕ್ಕೆ ಹೆಸರು ಕೊಟ್ಟುದೇ ಒಂದು ಬಿಳಿಯ ಕೊಳ; ವರಂಗದ ಕೆರೆಬಸದಿಗೆ ದೋಣಿಯಲ್ಲಿಯೇ ಹೋಗಬೇಕು. ನೀರಿನೊಡನೆ ಇಷ್ಟು ಹಳೆಯ ನಂಟುಳ್ಳ ಸಮಾಜವು ತನ್ನ ಕೊಳಗಳಲ್ಲಿ ಯಾವ ಜೀವಿಗಳಿವೆಯೆಂಬುದನ್ನು ತಿಳಿಯದೆ ಅವುಗಳಿಗೆ ಅಭಯ ನೀಡಲಾರದು. ಜ್ಞಾನವಿಲ್ಲದ ದಯೆ ಕಣ್ಣಿಲ್ಲದವನ ಓಟದಂತೆ.

ಆದುದರಿಂದ ನಿಸರ್ಗವೀಕ್ಷಕರನ್ನು ಬಸದಿಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದು ಪರಿಹಾರವಾಗದು. ಅವರನ್ನು ಬರಮಾಡಿಕೊಂಡು ಕಟ್ಟಳೆಗಳನ್ನು ವಿಧಿಸಬೇಕು. ಗೂಡಿನ ಸಮೀಪಕ್ಕೆ ಯಾರೂ ಹೋಗಕೂಡದು. ಕೂಗನ್ನು ನುಡಿಸುವುದು, ಆಮಿಷವೊಡ್ಡುವುದು, ಹಿಡಿದು ಕೂರಿಸುವುದು ಸಲ್ಲದು. ಕೊಳದ ನೀರಿನ ಹನಿ ಅದೇ ಕೊಳಕ್ಕೆ ಹಿಂದಿರುಗಬೇಕು. ಅಪರೂಪದ ಜೀವಿಯ ನೆಲೆಯನ್ನು ಭಂಡಾರದಲ್ಲಿ ಮರೆಮಾಡಿ ದಾಖಲಿಸಬೇಕಲ್ಲದೆ ಸಾರಬಾರದು. ಕಂಡ ಜೀವಿಗಳ ಪಟ್ಟಿಯೊಂದನ್ನು ಬಸದಿಯ ಕಚೇರಿಗೂ ಒಪ್ಪಿಸಬೇಕು. ಹೂಳೆತ್ತುವ, ಸುಣ್ಣ ಹೊಡೆಸುವ, ಮರ ಕಡಿಸುವ ನಿರ್ಣಯಕ್ಕೆ ಮೊದಲು ಆಡಳಿತ ಮಂಡಳಿಯು ಆ ಪಟ್ಟಿಯನ್ನು ಓದಬೇಕು. ಇವು ಯಾವುದಕ್ಕೂ ಹಣ ಬೇಕಾಗಿಲ್ಲ.

ಕಣ್ಣಿಗೆ ಬಿದ್ದ ಮಾತ್ರಕ್ಕೆ ಜೀವಿ ಕಂಡವನ ಸೊತ್ತಾಗುವುದಿಲ್ಲ. ಅದರ ಮನೆ, ಅದರ ದಾರಿ, ಅದರ ಮರಿಗಳ ಗುಟ್ಟು ಅದಕ್ಕೆ ಸೇರಿದ್ದು. ಕಂಡವನು ಆ ಗುಟ್ಟಿನ ಕಾವಲುಗಾರ ಮಾತ್ರ. ಅಪರಿಗ್ರಹವನ್ನು ಹಣಕ್ಕೂ ಭೂಮಿಗೂ ಅನ್ವಯಿಸಿದ ಸಮಾಜವು ಅದನ್ನು ನೋಟಕ್ಕೂ ಅನ್ವಯಿಸಿಕೊಳ್ಳುವ ಕಾಲ ಬಂದಿದೆ.