ಎತ್ತಿನ ಹಲ್ಲು ನೋಡುವವರು ಮನೆಯ ಗೋಡೆ ನೋಡುವುದಿಲ್ಲವೇ?



ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಬಿಲ್ಡರುಗಳ ಕರಪತ್ರ ಅಚ್ಚು ಹಾಕುವುದೂ ನನ್ನ ಹೊಟ್ಟೆಪಾಡಿನ ಒಂದು ಭಾಗ. ಆ ಬಣ್ಣದ ಕಾಗದದಲ್ಲಿ ಕಾಣುವ ಹಸಿರು ಹುಲ್ಲು, ಈಜುಕೊಳ, ನಗುವ ಗಂಡ-ಹೆಂಡತಿ ಎಲ್ಲವೂ ಕಂಪ್ಯೂಟರಿನಲ್ಲಿ ಹುಟ್ಟಿದವು. ಬುನಾದಿ ಎಷ್ಟು ಆಳ, ಕಂಬದೊಳಗೆ ಕಬ್ಬಿಣ ಎಷ್ಟು ಎಂದು ಬರೆದ ಕರಪತ್ರ ನನ್ನ ಮೆಷಿನ್ನಿಗೆ ಇವತ್ತಿನವರೆಗೆ ಒಂದೂ ಬಂದಿಲ್ಲ!

ನಮ್ಮೂರು ಜೇವರ್ಗಿ ತಾಲೂಕಿನ ಕೊಳಕೂರ. ಅಲ್ಲಿ ಎತ್ತು ಕೊಳ್ಳುವ ರೈತ ಸಂತೆಗೆ ಒಬ್ಬನೇ ಹೋಗುವುದಿಲ್ಲ. ಎತ್ತು ಬಲ್ಲ ಹಿರಿಯನೊಬ್ಬನನ್ನು ಚಹಾ, ನಾಷ್ಟಾ ಕೊಡಿಸಿ ಕರೆದೊಯ್ಯುತ್ತಾನೆ. ಆ ಹಿರಿಯ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿಸುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ. "ಬ್ಯಾಡೋ ತಮ್ಮಾ, ಇದು ಕುಂಟತದ" ಎಂದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಅದೇ ರೈತನ ಮಗ ಬೆಂಗಳೂರಿನಲ್ಲಿ 60 ಲಕ್ಷದ ಫ್ಲ್ಯಾಟು ಕೊಳ್ಳುವಾಗ ಏನು ಮಾಡುತ್ತಾನೆ? ಭಾನುವಾರ ಅರ್ಧ ಗಂಟೆ ಹೋಗಿ, ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಟೋಕನ್ ದುಡ್ಡು ಕೊಟ್ಟು ಬರುತ್ತಾನೆ.

ಕೇಳಿದರೆ, "ಎಲ್ಲಾ ಚೆಕ್ ಮಾಡಿಸೀನಿ ಅಣ್ಣಾ, ವಕೀಲರು ನೋಡ್ಯಾರ, ಬ್ಯಾಂಕಿನವರೂ ಬಂದಿದ್ದರು" ಎನ್ನುತ್ತಾನೆ. ವಕೀಲರು ನೋಡಿದ್ದು ಕಾಗದ. ಖಾತೆ, ಋಣಭಾರ ಪತ್ರ, ಮೂಲ ಕ್ರಯಪತ್ರ. ಬ್ಯಾಂಕಿನ ಎಂಜಿನಿಯರು ಬಂದದ್ದು ನೀವು ಕಂತು ಕಟ್ಟದಿದ್ದರೆ ಆ ಮನೆ ಎಷ್ಟಕ್ಕೆ ಮಾರಾಟವಾದೀತು ಎಂದು ಲೆಕ್ಕ ಹಾಕಲು. ಇಬ್ಬರೂ ಅವರವರ ಕೆಲಸ ಮಾಡಿದರು. ಮನೆಯನ್ನು ನೋಡಿದವರು ಯಾರು? ಯಾರೂ ಇಲ್ಲ!

ಬೆಂಗಳೂರೇ ಯಾಕೆ? ಕಲಬುರಗಿ ಸುತ್ತ ಎದ್ದಿರುವ ಬಡಾವಣೆಗಳನ್ನೇ ನೋಡಿ. ಮೊನ್ನೆ ಮೊನ್ನೆ ತೊಗರಿ ಬೆಳೆಯುತ್ತಿದ್ದ ಎರೆ ಹೊಲಗಳು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರಿಯುತ್ತದೆ. ಬುನಾದಿ ಆ ಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟದಿದ್ದರೆ ಮನೆಯೂ ಅದರ ಜೊತೆ ವರ್ಷಕ್ಕೊಮ್ಮೆ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತದೆ. ಮಾರುವವನು ಅದಕ್ಕೆ ಪುಟ್ಟಿ ಮೆತ್ತಿ, ಮೇಲೆ ತಿಳಿ ಗುಲಾಬಿ ಬಣ್ಣ ಬಳಿಯುತ್ತಾನೆ. ಗೃಹಪ್ರವೇಶಕ್ಕೆ ಬಂದವರೆಲ್ಲ "ಭಾರೀ ಆಗ್ಯಾದ" ಎನ್ನುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಸೀಳು ಮತ್ತೆ ಬಾಯಿ ಬಿಡುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿತ್ತು. ಆ ನೀರಿನಲ್ಲಿ ನೆನೆದ ಗೋಡೆಗೂ ಬಣ್ಣ ಬಳಿದು ಮಾರಬಹುದು, ನೆನಪಿಡಿ.

ಹಳೆಯ ಕಲ್ಲು-ಮಣ್ಣಿನ ಮನೆಗಳ ಪಾಠ ನಮ್ಮ ಮಗ್ಗುಲಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನಡುಗಿದಾಗ ಏಳೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಅವರವರ ಮನೆಯ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ಹೊಸದಾದರೆ ಭಯವಿಲ್ಲ ಎನ್ನುತ್ತೀರಾ? 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡ ಇನ್ನೂ ಪೂರ್ತಿ ಕಟ್ಟಿಯೇ ಇರಲಿಲ್ಲ. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ತೆರೆದಿದ್ದವು. 19 ಜನ ಹೋದರು.

ಸಂತೆಯ ಆ ಹಿರಿಯನ ಕೆಲಸವನ್ನು ಇಲ್ಲಿ ಮಾಡುವವನು ಸಿವಿಲ್ ಎಂಜಿನಿಯರು. ಕಂಬಕ್ಕೆ ಸುತ್ತಿಗೆಯಂಥ ಉಪಕರಣ ಒತ್ತಿ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುತ್ತಾನೆ. ಗೋಡೆಯ ತೇವ ಅಳೆಯುತ್ತಾನೆ. ಟೈಲ್ಸ್ ಬಡಿದು ಒಳಗೆ ಪೊಳ್ಳಿದೆಯೇ ಕೇಳುತ್ತಾನೆ. ಬಚ್ಚಲಲ್ಲಿ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಮನೆಗೆ ಇಳಿಯುತ್ತದೆಯೇ ನೋಡುತ್ತಾನೆ. ವೈರಿಂಗು, ಅರ್ಥಿಂಗು ಪರೀಕ್ಷಿಸುತ್ತಾನೆ. ಮಂಜೂರಾದ ನಕ್ಷೆ ಹಿಡಿದು ಮಹಡಿ ಎಣಿಸುತ್ತಾನೆ. ನಾಲ್ಕಕ್ಕೆ ಅನುಮತಿ ಪಡೆದು ಆರು ಏರಿಸುವ ಶೂರರು ನಮ್ಮಲ್ಲಿ ಕಡಿಮೆಯೇ? ಒಂದು ಎಚ್ಚರಿಕೆ: ನಮ್ಮಲ್ಲಿ ಮನೆ ತಪಾಸಣೆಗೆಂದೇ ಬೇರೆ ಸರಕಾರಿ ಲೈಸೆನ್ಸ್ ಇಲ್ಲ, ಬೋರ್ಡು ಹಾಕಿದವರೆಲ್ಲ ತಜ್ಞರೇ. ಓದು, ಅನುಭವ ಕೇಳಿ. ಬ್ರೋಕರು ಕರೆತಂದ ಎಂಜಿನಿಯರು ಬೇಡವೇ ಬೇಡ. ಎತ್ತು ಮಾರುವವನ ಭಾವಮೈದುನನನ್ನು ಹಲ್ಲು ನೋಡಲು ಯಾರಾದರೂ ಕರೆಯುತ್ತಾರೆಯೇ?

ಖರ್ಚಿನ ಮಾತು. 60 ಲಕ್ಷದ ಮನೆಗೆ ನೂರಕ್ಕೆ 5ರಂತೆ ಮುದ್ರಾಂಕ ಶುಲ್ಕವೇ 3 ಲಕ್ಷ. 2025ರ ಆಗಸ್ಟ್ 31ರಿಂದ ನೂರಕ್ಕೆ 2 ಆಗಿರುವ ನೋಂದಣಿ ಶುಲ್ಕ ಇನ್ನೂ 1 ಲಕ್ಷ 20 ಸಾವಿರ. ಇಷ್ಟನ್ನು ಸರಕಾರಕ್ಕೆ ಕಟ್ಟುವವರಿಗೆ ಎಂಜಿನಿಯರಿಗೆ ಕೊಡುವ ಕೆಲವು ಸಾವಿರ ಭಾರವಾಗುವುದು ಸೋಜಿಗ!

ಕಾನೂನು ಇಲ್ಲವೇ? ಇದೆ. 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿಕೊಟ್ಟರೆ ಬಿಲ್ಡರು 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ತೋರಿಸಿಕೊಡಲು ಕೈಯಲ್ಲಿ ವರದಿ ಬೇಕಲ್ಲ? ಯಾರೋ ವಾಸವಿದ್ದ, ಆ 5 ವರ್ಷ ಮೀರಿದ ಹಳೆಯ ಮನೆ ಅವರಿಂದಲೇ ಕೊಂಡರೆ ಈ ರಕ್ಷಣೆಯೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ, ಮಾರುವವನು ತನಗೆ ಗೊತ್ತಿರುವ ಒಳದೋಷ ಹೇಳಲೇಬೇಕು ಎನ್ನುತ್ತದೆ. ಆದರೆ ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ಅದು ಅನ್ವಯಿಸದು. ಅಂದರೆ ನೋಡುವ ಹೊಣೆ ನಿಮ್ಮದೇ.

ಹಾಗಾಗಿ ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಒಂದು ಸಾಲು ಬರೆಸಿ: ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಪೂರ್ತಿ ವಾಪಸ್ಸು. ಬಿಲ್ಡರು ಒಪ್ಪದಿದ್ದರೆ, ಎಂಜಿನಿಯರನ್ನು ಒಳಗೇ ಬಿಡದಿದ್ದರೆ, ನಿಮ್ಮ ತಪಾಸಣೆಯ ಖರ್ಚು ಉಳಿಯಿತು, ಎದ್ದು ಬನ್ನಿ. ವರದಿಯನ್ನು ಕನ್ನಡದಲ್ಲೇ ಕೇಳಿ. ಇಂಗ್ಲಿಷಿನ ನಲವತ್ತು ಪುಟ ಊರಲ್ಲಿ ಯಾರಿಗೆ ಬೇಕು? ಎರಡೆಕರೆ ಹೊಲ ಮಾರಿ ದುಡ್ಡು ಹೊಂದಿಸಿದ ಅಪ್ಪನ ಮುಂದೆ ಅದನ್ನು ಪೂರ್ತಿ ಓದಿ ಹೇಳಿ, ಅವರು ಕೇಳುವ ಪ್ರಶ್ನೆಗೆಲ್ಲ ಎಂಜಿನಿಯರಿಂದ ಉತ್ತರ ಕೊಡಿಸಿ, ಆಮೇಲೆ ಚೆಕ್ಕಿಗೆ ಸಹಿ ಹಾಕಿ.