ರಚಿಸುವವರೂ ತಲಪಿಸುವವರೂ

ಧರ್ಮಸ್ಥಳದ ಬಾಹುಬಲಿಯ ವಿಗ್ರಹವು ರೂಪುಗೊಂಡದ್ದು ಕಾರ್ಕಳದಲ್ಲಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ ಆ 39 ಅಡಿಯ ಏಕಶಿಲಾಮೂರ್ತಿಯನ್ನು ಧರ್ಮಸ್ಥಳಕ್ಕೆ ಸಾಗಿಸಿ, 1982ರಲ್ಲಿ ಪ್ರತಿಷ್ಠಾಪಿಸಲಾಯಿತು. ಸಾಗಿಸುವವರಿಗೆ ಉಳಿ ಹಿಡಿಯುವ ಅಧಿಕಾರವಿರಲಿಲ್ಲ.

ಗಣಕಯಂತ್ರದ ಲೋಕದಲ್ಲಿ ಹಾಗಲ್ಲ. ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಅಂತಹ ಸಾವಿರಾರು ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸಿ ಜನರಿಗೆ ಒದಗಿಸುವ ಸಮುದಾಯಗಳುಂಟು. 1993ರಲ್ಲಿ ಆರಂಭವಾದ ಡೆಬಿಯನ್ ಅವುಗಳಲ್ಲೊಂದು. ಅಲ್ಲಿ ದುಡಿಯುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರೆಂಬುದನ್ನು ಟೀಕಾಕಾರರು ಮರೆಯುತ್ತಾರೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆಯ ವಿನ್ಯಾಸವು ಇಂದು ಲಿನಕ್ಸ್ ಗಣಕಗಳಲ್ಲಿ ದೊರೆಯುವುದು ಇಂತಹ ಕೈಗಳ ಮೂಲಕವೇ.

ಆದರೆ ತಲಪಿಸುವವರು ತಿದ್ದಲೂ ಬಲ್ಲರು. ಕಲಹದ ಬೇರು ಇಲ್ಲಿದೆ. 2006ರಲ್ಲಿ ಡೆಬಿಯನ್ನಿನ ನಿರ್ವಾಹಕರೊಬ್ಬರು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ದೋಷ ಹುಡುಕುವ ಸಾಧನವೊಂದು ಆ ಸಾಲುಗಳ ಕುರಿತು ಎಚ್ಚರಿಕೆ ನೀಡುತ್ತಿತ್ತು. ಅವರು ಮೊದಲು ಮೂಲ ರಚನಕಾರರನ್ನು ಕೇಳಿದ್ದರು. ಅಲ್ಲಿಂದ ಬಂದ ಉತ್ತರವೂ ತಡೆಯುವಂತಹುದಾಗಿರಲಿಲ್ಲ. ಪರಿಣಾಮ ಭೀಕರವಾಯಿತು. ಊಹೆಗೆ ನಿಲುಕದಂತಿರಬೇಕಾದ ರಹಸ್ಯ ಕೀಲಿಗಳು ಸುಮಾರು 32 ಸಾವಿರ ಸಾಧ್ಯತೆಗಳೊಳಗೆ ಕುಗ್ಗಿಹೋದವು. ಅಷ್ಟನ್ನು ಒಂದೊಂದಾಗಿ ಪರೀಕ್ಷಿಸುವುದು ಗಣಕಕ್ಕೆ ಅಲ್ಪಕಾಲದ ಕೆಲಸ. ದೋಷವು ಬಯಲಾದದ್ದು 2008ರ ಮೇ ತಿಂಗಳಲ್ಲಿ. ತಿದ್ದಿದವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಕೇಳಿದವರು ತಾವು ಮಾಡಹೊರಟುದನ್ನು ಪೂರ್ಣವಾಗಿ ತೋರಿಸಲಿಲ್ಲ. ಹೇಳಿದವರು ಪ್ರಶ್ನೆಯ ಆಳಕ್ಕೆ ಇಳಿಯಲಿಲ್ಲ.

ರಚನಕಾರರ ಅಸಮಾಧಾನವೂ ನಿರಾಧಾರವಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಯು ಸುಮಾರು ಎರಡು ವರ್ಷಕ್ಕೊಮ್ಮೆ ಹೊರಬರುತ್ತದೆ. ನಡುವೆ ಮುಖ್ಯ ದೋಷಗಳನ್ನಷ್ಟೇ ಸರಿಪಡಿಸುತ್ತಾರೆ. ಎಂದೋ ಪರಿಹರಿಸಿದ ದೋಷದ ದೂರುಗಳು ರಚನಕಾರನ ಬಾಗಿಲಿಗೇ ಬರುತ್ತವೆ. ಎಕ್ಸ್‌ಸ್ಕ್ರೀನ್‌ಸೇವರಿನ ಕರ್ತೃ ಜೇಮಿ ಜವಿನ್‌ಸ್ಕಿಯವರು ಬೇಸತ್ತು, ಆವೃತ್ತಿ ಹಳತಾಗಿದೆಯೆಂಬ ಎಚ್ಚರಿಕೆಯನ್ನು ತಂತ್ರಾಂಶದೊಳಗೇ ಇರಿಸಿದರು. 2016ರಲ್ಲಿ ಈ ವಿವಾದವು ಬೆಳೆದು, ತಮ್ಮ ಕೃತಿಯನ್ನು ಡೆಬಿಯನ್ನಿನಿಂದ ಕೈಬಿಡುವಂತೆಯೇ ಅವರು ಕೋರಿದರು. ಅವರ ಸಿಟ್ಟು ಸಹಜ. ಆದರೆ ತಿದ್ದುವ ಸ್ವಾತಂತ್ರ್ಯವನ್ನು ತಾವೇ ಕೊಟ್ಟ ಮೇಲೆ, ಅದನ್ನು ಬಳಸಿದವರನ್ನು ತಡೆಯುವುದು ಸಾಧುವೆನಿಸದು.

ವಿತರಕರ ನಿಧಾನವು ಬರಿಯ ಆಲಸ್ಯವೂ ಅಲ್ಲ. ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ, ವರ್ಷಗಳ ಕಾಲ ವಿಶ್ವಾಸ ಗಳಿಸಿದ್ದ ಸಹನಿರ್ವಾಹಕನೊಬ್ಬನ ಹೆಸರಿನಲ್ಲಿಯೇ ಕಳ್ಳಬಾಗಿಲು ಸೇರಿಕೊಂಡಿತ್ತು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಹಚ್ಚಿದಾಗ, ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ಶಾಖೆಗಳನ್ನು ಮಾತ್ರ ಹೊಕ್ಕಿದ್ದವು. ಸ್ಥಿರ ಆವೃತ್ತಿಯನ್ನು ಬಳಸುತ್ತಿದ್ದವರ ಗಣಕಗಳಲ್ಲಿ ಹಳೆಯದೇ ಇತ್ತು.